ತೂಕ ಏರಿದರಷ್ಟೇ ಸಾಲದು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ 8.4ರಷ್ಟು ಮಕ್ಕಳು ತೀವ್ರವಾಗಿ ಕೃಶರಾಗಿದ್ದಾರೆ. ಹೀಗೆ ತೀವ್ರವಾಗಿ ಕೃಶರಾದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಸುಮಾರು 14 ದಿನಗಳ ಆರೈಕೆಯಲ್ಲಿ ಸೋಂಕು ಹತೋಟಿಗೆ ಬರುತ್ತದೆ, ಹಸಿವು ಮರಳುತ್ತದೆ, ತೂಕ ಏರುತ್ತದೆ. ಆದರೆ ಅದೇ ಬಡತನಕ್ಕೆ, ಅದೇ ಕಲುಷಿತ ನೀರಿಗೆ ಹಿಂದಿರುಗಿದ ಮಗು ಗಳಿಸಿದ ತೂಕವನ್ನು ಕಳೆದುಕೊಳ್ಳಲು ಹೆಚ್ಚು ದಿನ ಬೇಕಿಲ್ಲ. ಹಾಗಾಗಿ ಚಿಕಿತ್ಸೆಯ ಯಶಸ್ಸನ್ನು ಬಿಡುಗಡೆಯ ದಿನದ ತೂಕದಿಂದಷ್ಟೇ ಅಳೆಯಬಾರದು.

ತಾಯಂದಿರು ಚಿಕಿತ್ಸೆ ಮುಗಿಯುವ ಮೊದಲೇ ಹೊರಟುಬಿಡುತ್ತಾರೆ ಎಂಬ ದೂರಿದೆ. ದಿನಗೂಲಿ ನಂಬಿದವಳಿಗೆ, ಉಳಿದ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದವಳಿಗೆ ಎರಡು ವಾರ ಸಣ್ಣ ಅವಧಿಯಲ್ಲ. ತಾಯಿಗೆ ಸಿಗಬೇಕಾದ ಕೂಲಿನಷ್ಟದ ಪರಿಹಾರ ತಡವಾದರೆ ಅದರ ಉದ್ದೇಶವೇ ಸೋಲುತ್ತದೆ. ಬೇರೆ ತೊಡಕುಗಳಿಲ್ಲದ, ಉಣ್ಣುವ ಇಚ್ಛೆಯಿರುವ ಮಗುವಿಗೆ ಊರಿನಲ್ಲೇ ಚಿಕಿತ್ಸೆ ಸಾಧ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ 2007ರಲ್ಲೇ ಹೇಳಿವೆ. ಇದರಿಂದ ಅಂಗನವಾಡಿಯ ಹೊರೆ ಹೆಚ್ಚುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ದಾಖಲೆ ತುಂಬುವ ಕೆಲಸ ತಗ್ಗಿಸಿ, ಮಗುವಿನ ತೋಳಿನ ಸುತ್ತಳತೆ ನೋಡಲು, ಮನೆಭೇಟಿ ಮಾಡಲು ಕಾರ್ಯಕರ್ತೆಗೆ ಸಮಯ ಮತ್ತು ತಕ್ಕ ಗೌರವಧನ ಕೊಡುವುದೇ ಅದಕ್ಕೆ ಉತ್ತರ.