ಸಿಂಹಾವಲೋಕನದ ಸಭೆ

ಮುಂದಕ್ಕೆ ನಡೆಯುತ್ತಿರುವ ಸಿಂಹವು ಆಗಾಗ್ಗೆ ಕತ್ತು ಹೊರಳಿಸಿ ತಾನು ಬಂದ ದಾರಿಯನ್ನು ನೋಡುವುದೆಂದೂ, ಅದರಿಂದಲೇ ಸಿಂಹಾವಲೋಕನವೆಂಬ ಮಾತು ಹುಟ್ಟಿತೆಂದೂ ಬಲ್ಲವರು ಹೇಳುತ್ತಾರೆ. ನೋಟ ಹಿಂದಕ್ಕಾದರೂ ನಡಿಗೆ ಮುಂದಕ್ಕೇ. ಸಾಫ್ಟ್‌ವೇರ್ ತಂಡಗಳು ‘ರೆಟ್ರೊಸ್ಪೆಕ್ಟಿವ್’ ಎಂದು ಕರೆಯುವ ಸಭೆಯ ಉದ್ದೇಶವೂ ಇದೇ ಆಗಿದೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ತಂತ್ರಜ್ಞರು ಕಲೆತು ರೂಪಿಸಿದ ‘ಅಜೈಲ್’ ಪದ್ಧತಿಯ ತತ್ತ್ವಗಳಲ್ಲಿ, ತಂಡವು ನಿಯತಕಾಲಕ್ಕೊಮ್ಮೆ ತನ್ನ ಕಾರ್ಯವಿಧಾನವನ್ನು ವಿಮರ್ಶಿಸಿ ತಿದ್ದಿಕೊಳ್ಳಬೇಕೆಂಬುದೂ ಒಂದು. ಅಜೈಲ್ ಪದ್ಧತಿಯ ‘ಸ್ಕ್ರಮ್’ ಎಂಬ ಪ್ರಕಾರದಲ್ಲಿ, ಒಂದು ತಿಂಗಳ ಕೆಲಸಕ್ಕೆ ಈ ಸಭೆಯು 3 ಗಂಟೆಗಳನ್ನು ಮೀರಬಾರದೆಂಬ ನಿಯಮವುಂಟು.

ವಿಜಯನಗರ, ಬಸವೇಶ್ವರನಗರಗಳಲ್ಲಿ ಈ ಉದ್ಯೋಗದವರಿಲ್ಲದ ಬೀದಿ ವಿರಳ. ಇವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಸಭೆಯಲ್ಲಿ ಒಂದೋ ಯಾರನ್ನಾದರೂ ದೂರುವುದು, ಇಲ್ಲವೇ ಎಲ್ಲರೂ ಮೌನವಾಗಿರುವುದು ನಡೆಯುತ್ತದೆಂದು ಅವರು ಹೇಳುವುದನ್ನು ಕೇಳಿದ್ದೇನೆ. ಇವೆರಡೂ ಒಂದೇ ರೋಗದ ಲಕ್ಷಣಗಳು. ಕಾರಣವನ್ನು ಹುಡುಕಬೇಕಾದಲ್ಲಿ ಅಪರಾಧಿಯನ್ನು ಹುಡುಕುವುದೇ ಆ ರೋಗ.

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿಯೂ ಇದನ್ನು ಕಾಣಬಹುದು. ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ ಕಡಮೆ ಬಂದರೆ, ವಿದ್ಯಾರ್ಥಿಯು ‘ಮಾನವಸಹಜ ದೋಷ’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ. ಈ ಮಾತಿನಿಂದ ಏನೂ ತಿಳಿಯದು. ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ಮೇಲ್ತುದಿಯವರೆಗೆ ಮಾತ್ರ ಅಳೆದರೆ? ಲೋಲಕವನ್ನು ಅತಿ ದೊಡ್ಡ ಕೋನದಿಂದ ಬಿಟ್ಟರೆ? ಹೀಗೆ ಪ್ರಶ್ನಿಸಿದಾಗ ಮಾತ್ರ ಮುಂದಿನ ಪ್ರಯೋಗವು ಸುಧಾರಿಸುತ್ತದೆ. ಬೈಗುಳದಿಂದ ಯಾವ ಅಳತೆಯೂ ಸರಿಹೋದುದಿಲ್ಲ.

ಇದಕ್ಕೆ ದೊಡ್ಡ ನಿದರ್ಶನವು ನಮ್ಮ ನೆರೆಯಲ್ಲೇ ಇದೆ. ರಾಜಾಜಿನಗರಕ್ಕೆ ದೂರವಲ್ಲದ ಪೀಣ್ಯದ ಬಳಿಯ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ, 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಚಂದ್ರಯಾನ-2ರ ‘ವಿಕ್ರಮ್’ ನೌಕೆಯ ಸಂಪರ್ಕವು ಕಡಿದುಹೋಯಿತು. ಅನಂತರದ ಪರಿಶೀಲನೆಯ ಫಲವನ್ನು 2023ರಲ್ಲಿ ಇಸ್ರೋದ ಅಂದಿನ ಅಧ್ಯಕ್ಷ ಎಸ್. ಸೋಮನಾಥರು ವಿವರಿಸಿದರು. ಐದು ಎಂಜಿನುಗಳ ನೂಕುಬಲ ನಿರೀಕ್ಷೆಗಿಂತ ಹೆಚ್ಚಾಗಿತ್ತು; ಅದರಿಂದ ಒದಗಿದ ವ್ಯತ್ಯಾಸಗಳು ಒಂದರ ಮೇಲೊಂದು ಕೂಡುತ್ತ ಹೋದವು; ನೌಕೆಯು ತಿರುಗಿ ಸರಿಪಡಿಸಿಕೊಳ್ಳುವ ವೇಗಕ್ಕೆ ಮಿತಿಯಿತ್ತು; ಇಳಿಯಬೇಕಾದ ನೆಲವು ಕೇವಲ 500 ಮೀಟರ್ ಉದ್ದಗಲದ್ದಾಗಿತ್ತು. ಈ ವಿವರಣೆಯಲ್ಲಿ ಯಾವ ವ್ಯಕ್ತಿಯ ಹೆಸರೂ ದೋಷಿಯಾಗಿ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಅದಕ್ಕಿಂತ ಮುಖ್ಯವಾದುದು, ಕಂಡ ಕಾರಣಗಳೆಲ್ಲ ತಿದ್ದುಪಡಿಗಳಾದುದು. ಚಂದ್ರಯಾನ-3ರಲ್ಲಿ ಇಳಿಯುವ ಪ್ರದೇಶವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ವಿಸ್ತರಿಸಿದರು. ಎಂಜಿನುಗಳು ನಾಲ್ಕಾದವು, ಕಾಲುಗಳು ಬಲಗೊಂಡವು, ಇಂಧನ ಹೆಚ್ಚಿತು. ವೇಗವನ್ನಳೆಯಲು ಲೇಸರ್ ಉಪಕರಣವೊಂದು ಸೇರಿತು. 2023ರ ಆಗಸ್ಟ್ 23ರಂದು ನೌಕೆಯು ಚಂದ್ರನ ಮೇಲೆ ಮೆಲ್ಲನೆ ಇಳಿಯಿತು.

ತಂತ್ರಾಂಶದ ತಂಡಗಳು ಇದರಿಂದ ಕಲಿಯಬೇಕಾದುದೇನು? ಮೊದಲು, ನಡೆದ ಸಂಗತಿಗಳನ್ನು ಕಾಲಕ್ರಮದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡಬೇಕು. ಅಭಿಪ್ರಾಯಗಳು ಅನಂತರ ಬರಲಿ. ಎರಡನೆಯದಾಗಿ, ಕಿರಿಯರು ಮೊದಲು ಮಾತನಾಡಲಿ, ಹಿರಿಯರು ಕೊನೆಗೆ. ಮೇಲಧಿಕಾರಿಯ ತೀರ್ಪು ಹೊರಬಿದ್ದ ಮೇಲೆ ಅದಕ್ಕೆ ವಿರುದ್ಧವಾಗಿ ನುಡಿಯುವವರು ಅಪರೂಪ. ಮೂರನೆಯದಾಗಿ, ಇಲ್ಲಿ ಆಡಿದ ಮಾತು ಸಂಬಳ ಬಡ್ತಿಗಳ ವಾರ್ಷಿಕ ಲೆಕ್ಕಕ್ಕೆ ಹೋಗಕೂಡದು. ಹೋಗುವುದಾದರೆ ಮುಂದಿನ ಸಭೆಯಲ್ಲಿ ಸತ್ಯವು ಹೊರಬರುವುದೆಂದು ನಿರೀಕ್ಷಿಸುವುದು ವ್ಯರ್ಥ. ಕೊನೆಯದಾಗಿ, ಕಂಡ ಹತ್ತು ದೋಷಗಳಲ್ಲಿ ಒಂದೆರಡನ್ನೇ ಆರಿಸಿ, ತಿದ್ದುವವರ ಹೆಸರನ್ನೂ ದಿನಾಂಕವನ್ನೂ ಗೊತ್ತುಮಾಡಬೇಕು. ಮುಂದಿನ ಸಭೆಯು ಅದರ ವಿಚಾರಣೆಯಿಂದಲೇ ಆರಂಭವಾಗಬೇಕು.

ದೋಷಿಯನ್ನು ಹೆಸರಿಸದಿದ್ದರೆ ಹೊಣೆಗಾರಿಕೆಯೇ ಅಳಿಯುವುದಿಲ್ಲವೆ ಎಂದು ಕೆಲವರು ಕೇಳಬಹುದು. ಉದ್ದೇಶಪೂರ್ವಕವಾದ ವಂಚನೆಗೆ ಬೇರೆ ವಿಚಾರಣೆಯುಂಟು. ಈ ಸಭೆಯು ಅದಕ್ಕಲ್ಲ. ಇಲ್ಲಿ ಹೊಣೆಗಾರಿಕೆ ಅಳಿಯುವುದಿಲ್ಲ. ತಪ್ಪಿನಿಂದ ತಿದ್ದುಪಡಿಗೆ ವರ್ಗವಾಗುತ್ತದೆ, ಅಷ್ಟೆ. ಬ್ಯಾಂಕು, ಆಸ್ಪತ್ರೆ, ರೈಲುಗಳು ಇಂದು ತಂತ್ರಾಂಶವನ್ನೇ ನಂಬಿ ನಡೆಯುತ್ತಿವೆ. ಅದನ್ನು ಬರೆಯುವವರು ಭಯವಿಲ್ಲದೆ ‘ಇಲ್ಲಿ ತಪ್ಪಿದೆ’ ಎನ್ನಬಲ್ಲರೇ ಎಂಬುದು ಅವರ ಕಚೇರಿಯ ಪ್ರಶ್ನೆ ಮಾತ್ರವಲ್ಲ. ನಮ್ಮೆಲ್ಲರ ಕ್ಷೇಮದ ಪ್ರಶ್ನೆ.