ಪ್ರೊಜೆಕ್ಟರ್ ಅಲ್ಲ ಸ್ವಾಮಿ, ರಸ್ತೆ!

ಬೋಸ್ಟನ್ ಕಡೆ ಆನ್‌ಸೈಟ್‌ಗೆ ಹೋಗಿ ಬಂದ ಕೆಲವರಾದ್ರೂ ಸಡ್ಬರಿಯ ವೇಸೈಡ್ ಇನ್ ನೋಡಿರ್ತೀರಿ. ನಗರದಿಂದ ಸುಮಾರು 20 ಮೈಲಿ. 1716ರಲ್ಲಿ ಡೇವಿಡ್ ಹೌ ಎಂಬಾತ ತನ್ನ ಮನೆಯಲ್ಲೇ ದಾರಿಹೋಕರಿಗೆ ಊಟ, ಹಾಸಿಗೆ ಕೊಡೋಕೆ ಶುರುಮಾಡಿದ ಜಾಗ. ಈಗ ಅಲ್ಲಿ ತಂಗೋಕೆ ಹತ್ತು ಕೋಣೆ, ಊಟದ ಹಾಲ್‌ಗಳು, ಮದುವೆಗಳು, ಕಂಪನಿ ಮೀಟಿಂಗುಗಳು. ನಮ್ಮ ಟೀಮೂ ಒಂದು ದಿನ ಅಲ್ಲಿ ಕೂತು ಮುಂದಿನ ಕ್ವಾರ್ಟರಿನ ಪ್ಲ್ಯಾನಿಂಗ್ ಮಾಡಿತ್ತು. ಊಟದ ಹೊತ್ತಿಗೆ ಒಬ್ಬರು ರಾಗ ಎಳೆದರು: "ಮುನ್ನೂರು ವರ್ಷದ ಛತ್ರದಲ್ಲಿ ಪವರ್‌ಪಾಯಿಂಟಾ? ಛೆ." ಸುತ್ತ ಕೂತವರೆಲ್ಲ ಹೌದೌದು ಅಂತ ತಲೆ ಆಡಿಸಿದರು.

ಈ ತಲೆ ಆಡಿಸೋದಕ್ಕೇ ನನ್ನ ತಕರಾರು. ಅದೇನು ಗುಡಿಯಾ, ಮೈಲಿಗೆ ಆಗೋಕೆ? ಛತ್ರ ಅನ್ನೋ ಪದವೂ ಪೂರ್ತಿ ಸರಿ ಅಲ್ಲ. ನಮ್ಮ ಛತ್ರಗಳಲ್ಲಿ ಪುಣ್ಯಕ್ಕೆ ಅನ್ನ ಹಾಕ್ತಿದ್ರು, ಇಲ್ಲಿ ಹಾಕ್ತಿದ್ದದ್ದು ಕಾಸಿಗೆ. ಬೋಸ್ಟನ್‌ನಿಂದ ನ್ಯೂಯಾರ್ಕ್‌ಗೆ ಅಂಚೆ ಸಾಗುತ್ತಿದ್ದ ರಸ್ತೆಯ ಪಕ್ಕದ ಮನೆ ಅದು. ಕುದುರೆಗೆ ಹುಲ್ಲು, ಸವಾರನಿಗೆ ರಮ್ಮು. ಆ ಕಾಲದ ಅಲ್ಲಿನ ಹಳ್ಳಿಗಳಲ್ಲಿ ಇಂಥ ಮನೆಗಳೇ ಅಂಗಡಿಕಟ್ಟೆ, ಅವೇ ಪಂಚಾಯ್ತಿಕಟ್ಟೆ. ವ್ಯಾಪಾರ ಕುದುರುತ್ತಿದ್ದದ್ದೂ ಅಲ್ಲೇ, ಸುದ್ದಿ ಹರಡುತ್ತಿದ್ದದ್ದೂ ಅಲ್ಲೇ. ದುಡ್ಡು ಕೊಟ್ಟು ನಾಲ್ಕು ಜನ ಮೇಜಿನ ಸುತ್ತ ಕೂತು ಲೆಕ್ಕಾಚಾರದ ಮಾತಾಡಿದರೆ ಆ ಮನೆಗೆ ಏನೂ ಹೊಸದಲ್ಲ.

'ಪುರಾತನ' ಅಂತ ನೀವು ಫೋಟೋ ಹೊಡ್ಕೊಂಡ ಬೋರ್ಡಿದೆಯಲ್ಲ, ಅದರ ಕಥೆಯೂ ಕೇಳಿ. ಮನೆತನದ ಕೊನೆಯ ಒಡೆಯ ಲೈಮನ್ ಹೌ 1861ರಲ್ಲಿ ತೀರಿಕೊಂಡ. ಮರುವರ್ಷ ಕವಿ ಲಾಂಗ್‌ಫೆಲೋ ಬಂದು ನೋಡಿಹೋದ. 1863ರಲ್ಲಿ ಅವನ ಪುಸ್ತಕ ಬಂತು, ಅದರ ಹೆಸರಲ್ಲಿ 'ವೇಸೈಡ್ ಇನ್' ಇತ್ತು. 1897ರಲ್ಲಿ ಜಾಗ ಕೊಂಡ ಎಡ್ವರ್ಡ್ ಲೆಮನ್ ಆ ಹೆಸರನ್ನೇ ಎತ್ತಿ ಬೋರ್ಡಿಗೆ ಹಾಕಿದ. ಅಪ್ಪಟ ಮಾರ್ಕೆಟಿಂಗು! ಅದನ್ನ ತಪ್ಪು ಅಂತಾನೂ ನಾನು ಹೇಳ್ತಿಲ್ಲ, ಜನ ಬರಬೇಕಲ್ಲ.

ನನ್ನ ಸಿಟ್ಟು ಇರೋದು ಆಮೇಲೆ ಬಂದವನ ಮೇಲೆ. 1923ರಲ್ಲಿ ಈ ಜಾಗ ಕೊಂಡವನು ಹೆನ್ರಿ ಫೋರ್ಡ್. ಹೌದು, ಅದೇ ಕಾರಿನ ಫೋರ್ಡು. ಮಾಡೆಲ್ ಟಿ ಒಂದನ್ನೇ ಒಂದೂವರೆ ಕೋಟಿ ಮಾಡಿ ರಸ್ತೆಗೆ ಬಿಟ್ಟವನು. ಸುತ್ತಲಿನ ಸಾವಿರಾರು ಎಕರೆ ಕೊಂಡ. ಹಳೇ ಶಾಲೆಯೊಂದನ್ನ ಬೇರೆ ಊರಿಂದ ತಂದು ನಿಲ್ಲಿಸಿದ, ನೀರಿನ ಗಿರಣಿ ಕಟ್ಟಿಸಿದ, 1940ರಲ್ಲಿ ಚರ್ಚನ್ನೂ ಕಟ್ಟಿಸಿದ. ಅದಿರಲಿ, ಗಿರಣಿ ಈಗಲೂ ಹಿಟ್ಟು ಬೀಸುತ್ತೆ. ಆದರೆ ಇನ್ನೊಂದು ಕೆಲಸ ಮಾಡಿದ ನೋಡಿ: ಮುಂದಿನ ಹೆದ್ದಾರಿಯಲ್ಲಿ ಓಡೋ ಕಾರು, ಲಾರಿಗಳಿಂದ ಹಳೇ ಕಟ್ಟಡ ಅದುರುತ್ತೆ ಅಂತ ತನ್ನ ದುಡ್ಡಲ್ಲೇ ಬೈಪಾಸ್ ಹಾಕಿಸಿ, ರಸ್ತೆಯನ್ನೇ ಆಚೆಗೆ ಸರಿಸಿದ!

ಊರೆಲ್ಲ ಕಾರು ಮಾರಿ, ತನ್ನ ಆಟದ ಮನೆಯ ಮುಂದೆ ಮಾತ್ರ ಕಾರು ಬೇಡ. ಕಟ್ಟಡ ಉಳಿಯಿತು, ಒಪ್ಪಿದೆ. ಆದರೆ ಆ ಮನೆ ಹುಟ್ಟಿದ್ದೇ ರಸ್ತೆಗೋಸ್ಕರ. ದಾರಿಯಲ್ಲಿ ಸುಸ್ತಾದ ಯಾರೋ ಅಪರಿಚಿತ ಬಾಗಿಲು ತಟ್ಟುತ್ತಾನೆ ಅನ್ನೋದೇ ಅದರ ಕಸುಬು. ಬೈಪಾಸ್ ಆದ ಮೇಲೆ ಅಲ್ಲಿಗೆ 'ಹೋಗ್ತಾ ಹೋಗ್ತಾ' ಬರೋರು ಯಾರೂ ಉಳಿಯಲಿಲ್ಲ. ಅದನ್ನೇ ನೋಡಬೇಕು ಅಂತ ಬರುವವರು, ಬುಕ್ ಮಾಡಿ ಬರುವವರು ಮಾತ್ರ. 1955ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು ಕಟ್ಟಡದ ಬಹುಭಾಗ ಹಾಳಾಯಿತು, ಫೋರ್ಡ್ ಫೌಂಡೇಶನ್ ನೆರವಿನಿಂದ ರಿಪೇರಿಯಾಗಿ 1958ರಲ್ಲಿ ಮತ್ತೆ ತೆರೆಯಿತು. ಮರ, ಗೋಡೆ ಮತ್ತೆ ಬಂದವು. ರಸ್ತೆ ಬರಲಿಲ್ಲ.

ಇದು ಅಮೆರಿಕದ ದೊಡ್ಡ ಮನುಷ್ಯನ ಹುಚ್ಚು ಅಂತ ನಗಬೇಡಿ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಾಗ ನಮ್ಮ ವಾಟ್ಸ್ಯಾಪ್ ಗ್ರೂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಾ ಪಕ್ಕಕ್ಕೆ ಸರಿದವು. ಹಳೇ ರಸ್ತೆಯ ಹೋಟೆಲಿನವರು ಗಿರಾಕಿ ಇಲ್ಲ ಅಂತ ಗೋಳಾಡಿದ್ದು ನಮ್ಮ ಕಿವಿಗೆ ಬೀಳಲಿಲ್ಲ. ಅದೇ ಗ್ರೂಪಿನಲ್ಲೇ ತಿಂಗಳಿಗೊಮ್ಮೆ ಯಾರಾದ್ರೂ ಕೇಳ್ತಾರೆ: "ಟವರ್ ಇಲ್ಲದ, ಟಾರು ಇಲ್ಲದ, ಅಸಲಿ ಹಳ್ಳಿ ಹೋಂಸ್ಟೇ ಇದ್ರೆ ಹೇಳ್ರಪ್ಪಾ." ನಾನು ಹುಟ್ಟಿದ್ದು ಟಾರಿಲ್ಲದ ಹಳ್ಳಿಯಲ್ಲೇ. ಮಳೆಗಾಲದಲ್ಲಿ ಬಸ್ಸು ಬರದೆ ಸ್ಕೂಲು ತಪ್ಪುತ್ತಿತ್ತು. ನಿಮ್ಮ ವೀಕೆಂಡಿಗೋಸ್ಕರ ಆ ಕೆಸರನ್ನ ಹಾಗೇ ಕಾದಿಡಬೇಕಾ ನಮ್ಮವರು?

ವೇಸೈಡ್ ಇನ್ನಿನವರು ಮೀಟಿಂಗಿಗೆ ಹಾಲ್ ಕೊಡಲಿ, ವೈಫೈ ಕೊಡಲಿ, ಬೇಕಾದ್ರೆ ಗೋಡೆತುಂಬಾ ಸ್ಕ್ರೀನ್ ಹಾಕಲಿ. ಬರುವ ಬಾಡಿಗೆಯಲ್ಲಿ ಸೂರು ಸೋರದ ಹಾಗೆ ನೋಡಿಕೊಳ್ಳಲಿ. ಅಲ್ಲಿ ಕೂತು ಪ್ರೊಜೆಕ್ಟರ್ ನೋಡಿ ಛೆ ಅನ್ನೋರಿಗೆ ನಾನು ಕೇಳೋದು ಇಷ್ಟೇ: ಹೊಸ ರಸ್ತೆಯಲ್ಲಿ ತೊಂಬತ್ತು ನಿಮಿಷಕ್ಕೆ ಮೈಸೂರು ಸೇರಿದ್ರಲ್ಲ, ಮದ್ದೂರಿನಲ್ಲಿ ಇಳಿದು ಒಂದು ವಡೆ ತಿಂದು ಎಷ್ಟು ದಿನ ಆಯ್ತು?