ಹಳ್ಳಿಗೆ ಹೋದ ವಿಶ್ವವಿದ್ಯಾಲಯ ಶಾಲೆಗೆ ಹೋಗಲಿಲ್ಲ

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. 1930ರ ದಶಕದ ಹೊತ್ತಿಗಾಗಲೇ ಅದರ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಮಾತುಗಳೇ ಸಣ್ಣ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ಕಾಲೇಜಿನ ಪಾಠವೆಂದರೆ ಇಂಗ್ಲಿಷೇ ಎಂದಿದ್ದ ಕಾಲದಲ್ಲಿ ಅದೇನು ಸಣ್ಣ ಸಾಹಸವಾಗಿರಲಿಲ್ಲ. ಮುಂದೆ ಕುಲಪತಿಗಳಾಗಿ ಬಂದ ಕುವೆಂಪು (1956–60) ಉನ್ನತ ವಿದ್ಯೆ ಕನ್ನಡದಲ್ಲಿ ದಕ್ಕಲೇಬೇಕೆಂದು ಹಟ ಹಿಡಿದರು. ಅತ್ತ ಧಾರವಾಡದಲ್ಲಿ ಕವಿ ಚೆನ್ನವೀರ ಕಣವಿ 1956ರಿಂದ 1983ರವರೆಗೆ ಇಂಥದೇ ಉಪನ್ಯಾಸ, ಪ್ರಕಟಣೆಗಳನ್ನು ನೋಡಿಕೊಳ್ಳುವ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವನ್ನು ನಡೆಸಿದರು. ಅಲ್ಲಿನ ಉಪನ್ಯಾಸ ಗ್ರಂಥಮಾಲೆಯ ಕಿರುಹೊತ್ತಿಗೆಗಳು ಉತ್ತರ ಕರ್ನಾಟಕದ ಹಳೆಯ ಗ್ರಂಥಾಲಯಗಳಲ್ಲಿ, ನಿವೃತ್ತ ಮಾಸ್ತರರ ಮನೆಗಳಲ್ಲಿ ಇಂದಿಗೂ ಕೈಗೆ ಸಿಗುತ್ತವೆ.

ಈ ಋಣ ದೊಡ್ಡದು. ಇತಿಹಾಸ, ತತ್ತ್ವಶಾಸ್ತ್ರ, ಜಾನಪದಗಳನ್ನು ಓದಿ ತಿಳಿಯಲು ಪದವಿ ಬೇಕಿಲ್ಲ ಎಂಬ ಧೈರ್ಯವನ್ನು ಕನ್ನಡಿಗರಲ್ಲಿ ತುಂಬಿದ್ದು ಪ್ರಸಾರಾಂಗಗಳು. ಆದರೆ ಅವು ಕಣ್ಣ ಮುಂದೆ ಇಟ್ಟುಕೊಂಡದ್ದು ಬೆಳೆದ ಓದುಗರನ್ನು. ಹದಿನಾಲ್ಕು ವರ್ಷದ ಹುಡುಗಿ ಆ ಲೆಕ್ಕದಲ್ಲಿ ಇರಲೇ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿದೊಡನೆ ಕಾಲೇಜುಗಳು ಕರಪತ್ರ ಹಿಡಿದು ಬರುತ್ತವೆ, ನಿಜ. ಅಷ್ಟು ಹೊತ್ತಿಗೆ ಮನೆಯಲ್ಲಿ ತೀರ್ಮಾನ ಆಗಿಹೋಗಿರುತ್ತದೆ: ಒಳ್ಳೆಯ ಅಂಕ ಬಂದರೆ ಸೈನ್ಸ್, ಸುಮಾರಾದರೆ ಕಾಮರ್ಸ್, ಎರಡೂ ಆಗದಿದ್ದರೆ ಆರ್ಟ್ಸ್.

2025ರ ದ್ವಿತೀಯ ಪಿಯುಸಿ ಪರೀಕ್ಷೆ–1ರಲ್ಲಿ ವಿಜ್ಞಾನ ವಿಭಾಗದ ಶೇ 82.45, ವಾಣಿಜ್ಯದ ಶೇ 76.07ರಷ್ಟು ಮಕ್ಕಳು ತೇರ್ಗಡೆಯಾದರು. ಕಲಾ ವಿಭಾಗದಲ್ಲಿ ತೇರ್ಗಡೆಯಾದವರು ಶೇ 53.29. ಈ ಅಂಕಿ ತೋರಿಸಿ ಆ ಮಕ್ಕಳನ್ನು ಹಗುರವಾಗಿ ಕಾಣುವುದು ಅನ್ಯಾಯ. ಇಷ್ಟಪಟ್ಟು ಬಂದವರ ಜೊತೆಗೆ, ಬೇರೆ ಬಾಗಿಲು ಮುಚ್ಚಿದ್ದರಿಂದ ಬಂದವರೂ ಅಲ್ಲಿ ಬಹಳ ಇದ್ದಾರೆ. ಅವರಿಗೆ ಕಲಿಸುವ ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಇರುತ್ತಾರೆಂಬ ಖಾತ್ರಿಯೂ ಇಲ್ಲ. ವಿಜಯನಗರ ಜಿಲ್ಲೆಯ ಕೊಟ್ಟೂರು ಬೇರೆಯದೇ ಕತೆ ಹೇಳುತ್ತದೆ. ಅಲ್ಲಿನ ಇಂದು ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳು ಕಲಾ ವಿಭಾಗದಲ್ಲಿ ಮತ್ತೆ ಮತ್ತೆ ರಾಜ್ಯಕ್ಕೇ ಮೊದಲಿಗರಾಗಿದ್ದಾರೆ. ರ‍್ಯಾಂಕೇ ವಿದ್ಯೆಯೆಂದು ನಾವು ಹೇಳುತ್ತಿಲ್ಲ. ಕಲಾ ವಿಭಾಗವನ್ನು ಕೊನೆಯ ಗತಿಯೆಂದು ಎಣಿಸದ ಕಡೆ ಮಕ್ಕಳು ಎಷ್ಟು ಎತ್ತರಕ್ಕೆ ಹೋಗಬಲ್ಲರು ಎಂಬುದನ್ನು ಒಂದು ಸಣ್ಣ ಊರು ಕಣ್ಣಾರೆ ತೋರಿಸಿಕೊಟ್ಟಿದೆ.

ಐಎಎಸ್ ಪರೀಕ್ಷೆಗೆ ಅನುಕೂಲ ಎಂಬ ಒಂದೇ ಆಮಿಷ ತೋರಿಸಿ ಮಕ್ಕಳನ್ನು ಇತಿಹಾಸಕ್ಕೆ ಕರೆಯುವುದು ನಮಗೆ ಒಪ್ಪಿಗೆಯಿಲ್ಲ. ವಿದ್ಯೆಯ ಕೆಲಸವನ್ನೇ ತೋರಿಸಬೇಕು. 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಡಾ. ಎಂ.ಎಚ್. ಕೃಷ್ಣ ಮೈಸೂರಿನಲ್ಲಿ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಇತಿಹಾಸದ ಪ್ರಾಧ್ಯಾಪಕರೂ ಆಗಿದ್ದವರು. ತರಗತಿಯ ಪಾಠ, ಊರಿನ ಕಲ್ಲು ಎರಡೂ ಒಬ್ಬರ ಕೈಯಲ್ಲೇ ಇದ್ದವು. ವೀರಗಲ್ಲೋ ಮಾಸ್ತಿಕಲ್ಲೋ ಇಲ್ಲದ ಹೋಬಳಿ ನಮ್ಮಲ್ಲಿ ಅಪರೂಪ. ಇತಿಹಾಸ ವಿಭಾಗದ ಅಧ್ಯಾಪಕಿಯೊಬ್ಬರು ಎಂಟನೇ ತರಗತಿಯ ಮಕ್ಕಳನ್ನು ಅಂಥದೊಂದು ವೀರಗಲ್ಲಿನ ಮುಂದೆ ಕೂರಿಸಲಿ. ಕೆಳಗಿನ ಪಟ್ಟಿಕೆಯ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರರನ್ನು ತೋರಿಸಿ, ‘ಇವನು ಸತ್ತದ್ದು ತುರುಗಳಿಗಾಗಿಯೋ, ಒಡೆಯನಿಗಾಗಿಯೋ? ಕಲ್ಲು ನಿಲ್ಲಿಸಿದವರು ಯಾರು?’ ಎಂದು ಕೇಳಲಿ. ಮಕ್ಕಳು ಊಹಿಸಲಿ, ಜಗಳವಾಡಲಿ, ಸಾಕ್ಷ್ಯ ಹುಡುಕಲಿ. ಊರ ಅಜ್ಜಿಯರ ಬೀಸುಕಲ್ಲಿನ ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಅಕ್ಷರಕ್ಕಿಳಿಸಲಿ. ಅಷ್ಟು ಮಾಡಿದ ಮಗುವಿಗೆ ಈ ವಿದ್ಯೆಗಳಲ್ಲಿ ಏನಿದೆ ಎಂದು ಬಿಡಿಸಿ ಹೇಳಬೇಕಾಗದು.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ವಿಸ್ತರಣಾ ಚಟುವಟಿಕೆಗೆ ಅಂಕವಿದೆ. ರಕ್ತದಾನ ಶಿಬಿರ, ಸ್ವಚ್ಛತಾ ಅಭಿಯಾನ ಅದರಲ್ಲಿ ಮುಖ್ಯ ಜಾಗ ಪಡೆದಿವೆ. ಅವು ಬೇಕಾದವೇ, ಶಾಲೆಯ ಪಾಠವೂ ಅವುಗಳ ಜೊತೆ ಸೇರಲಿ. ಪ್ರತಿಯೊಂದು ಮಾನವಿಕ ವಿಭಾಗಕ್ಕೂ ಸುತ್ತಲಿನ ಕೆಲವು ಸರ್ಕಾರಿ ಪ್ರೌಢಶಾಲೆಗಳನ್ನು ವಹಿಸಿಕೊಡಬೇಕು. ಅಲ್ಲಿ ಕಳೆದ ಗಂಟೆಗಳನ್ನು ಪ್ರಾಧ್ಯಾಪಕರ ಕಾರ್ಯಭಾರದಲ್ಲಿ ಎಣಿಸಬೇಕು, ಅತಿಥಿ ಉಪನ್ಯಾಸಕರು ಹೋದರೆ ಅದಕ್ಕೂ ಸಂಭಾವನೆ ಕೊಡಬೇಕು. ಪ್ರಸಾರಾಂಗಗಳು ಹಳೆಯ ಕಿರುಹೊತ್ತಿಗೆಗಳ ಮಾದರಿಯಲ್ಲೇ ಹೈಸ್ಕೂಲು ಮಕ್ಕಳಿಗಾಗಿ ಹೊಸ ಮಾಲೆಯೊಂದನ್ನು ಬರುವ ಜೂನ್‌ನಲ್ಲಿ, ಶಾಲೆ ತೆರೆಯುವಾಗಲೇ ಶುರುಮಾಡಲಿ.